ಅಕ್ಕ ಟ್ರಾಲಿಯಿಂದ ಇಳಿದ ದಿನ

ಅವತ್ತು ಅಕ್ಕ ಆ ಟ್ರಾಲಿಯಿಂದ ಇಳಿಯದೇ ಹೋಗಿದ್ದರೆ ಎಂದು ಶುರುವಾಗುವ ವಾಕ್ಯವೊಂದು ನನ್ನ ತಲೆಯಲ್ಲಿದೆ. ಅದನ್ನು ಮುಗಿಸಲು ನನಗೆ ಇವತ್ತಿನವರೆಗೂ ಆಗಿಲ್ಲ. ಪಾಠ ಮಾಡುವಾಗ, ಮೆಟ್ರೊದಲ್ಲಿ ಕಂಬ ಹಿಡಿದು ನಿಂತಾಗ, ಒಲೆಯ ಮುಂದೆ ಕುಕ್ಕರ್ ಕೂಗುವುದನ್ನು ಕಾಯುವಾಗ ಅದು ಬರುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಬರೆದಾದರೂ ಮುಗಿಸೋಣವೆಂದು ಕೂತಿದ್ದೇನೆ. ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ.

"ಬರಿ," ಎಂದಳು. "ಆದ್ರೆ ಪಾಪ ಅಂತ ಮಾತ್ರ ಬರೀಬೇಡ ಕಣೇ. ಹಂಗೇನಾದ್ರೂ ಬರೆದ್ರೆ ನಿನ್ನ ಬ್ಲೌಸ್ ಎಲ್ಲಾ ಬಿಗಿ ಮಾಡ್ಬಿಡ್ತೀನಿ."

ಅಕ್ಕ ಇರುವುದು ವಿಜಯನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿ. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಬರೀ ಬ್ಲೌಸ್ ಹೊಲಿಯುತ್ತಾಳೆ. ಭಾವನವರದು ದೀಪಾಂಜಲಿ ನಗರದಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ. ಜೊತೆಗೆ ಅವರ ತಾಯಿ ಇದ್ದಾರೆ, ಹಾವೇರಿ ಕಡೆಯವರು. ಬೆಂಗಳೂರಿಗೆ ಬಂದು ಇಷ್ಟು ವರ್ಷವಾದರೂ ಅವರ ಮಾತು ಒಂದು ಅಕ್ಷರವೂ ಬದಲಾಗಿಲ್ಲ. ನಾನು ಬಸವೇಶ್ವರನಗರದಲ್ಲಿರುವವಳು, ಪಿಯು ಕಾಲೇಜಿನಲ್ಲಿ ವಾಣಿಜ್ಯದ ಪಾಠ ಮಾಡುತ್ತೇನೆ.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ನಾನು ಯಾವತ್ತೋ ಬಿಟ್ಟೆ, ಅಕ್ಕ ಬಿಟ್ಟಿಲ್ಲ. ಇಷ್ಟಲಿಂಗವನ್ನಿಟ್ಟ ಪುಟ್ಟ ಬೆಳ್ಳಿ ಕರಡಿಗೆ, ಅದನ್ನು ಕೊರಳಿಗೆ ತೂಗಿಸುವ ಶಿವದಾರ, ಇವೆರಡೂ ಅವಳ ಮೈಗೆ ಸೇರಿದವೇ ಎನ್ನುವಂತೆ ಇದ್ದವು. ಮಲಗುವಾಗಲೂ ಅದು ಮೈಬಿಟ್ಟು ಹೋಗಬಾರದು ಎಂಬುದು ಕಟ್ಟಳೆ. ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿ ಬಗ್ಗಿ ಕರಡಿಗೆ ಸದಾ ಎಡಕ್ಕೆ ಜಾರಿ, ಎಡ ಮೊಲೆಯ ಮೇಲ್ಭಾಗಕ್ಕೆ ಒತ್ತಿಕೊಂಡಿರುತ್ತಿತ್ತು. ಗಂಟು ಕೈಗೆ ಸಿಕ್ಕಿದ್ದೂ ಅಲ್ಲಿಯೇ.

ನಮ್ಮಲ್ಲಿ ಆದ ತಪ್ಪು ಲಿಂಗ ಕಟ್ಟದವರ ಮನೆಯಲ್ಲಿ ಆಗುವಂಥದ್ದಲ್ಲ. ಅಕ್ಕನ ಅತ್ತೆ ಮುಟ್ಟಿ ನೋಡಿ ತೀರ್ಪು ಕೊಟ್ಟರು: "ಕರಡಿಗಿ ತಿಕ್ಕಿ ತಿಕ್ಕಿ ಗಂಟ ಕಟ್ಟೈತಿ. ದಾರ ಸ್ವಲ್ಪ ಮ್ಯಾಲೆ ಮಾಡಿದ್ರ ತಾನಾ ಕರಗತೈತಿ." ಅವರೇ ಶಿವದಾರವನ್ನು ಗಂಟು ಹಾಕಿ ಗಿಡ್ಡ ಮಾಡಿದರು. ಕರಡಿಗೆ ಕುತ್ತಿಗೆಯ ಗುಳಿಯ ಹತ್ತಿರ ಬಂದು ಕೂತಿತು. ಉಜ್ಜಿ ಉಜ್ಜಿ ಕೆಂಪಾಗಿದ್ದ ಚರ್ಮ ಕೆಲವೇ ದಿನಗಳಲ್ಲಿ ತಿಳಿಯಾಯಿತು. ಅದನ್ನು ನೋಡಿ ಎಲ್ಲರಿಗೂ ಸಮಾಧಾನವಾಯಿತು, ನನಗೂ. ಕೆಂಪು ಹೋದ ಮೇಲೆ ಅದರ ಕೆಳಗಿನ ಗಂಟೂ ಹೋಗುತ್ತದೆ ಎಂದುಕೊಂಡೆವು. ಅಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬದ ಬ್ಲೌಸುಗಳು ಬಂದು ಬಿದ್ದವು, ಆಮೇಲೆ ಗೌರಿಯದು, ದಸರೆಯದು. ದೀಪಾವಳಿಯ ಹೊತ್ತಿಗೆ ಗಂಟು ಅಲ್ಲೇ ಇತ್ತು, ಮೊದಲಿಗಿಂತ ಗಟ್ಟಿಯಾಗಿ.

ಸ್ಕ್ಯಾನಿಂಗಿಗೆ ನಾನೇ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಅಕ್ಕನ ಸೀರೆಯ ಬಣ್ಣ ಹೊಗಳುತ್ತಿದ್ದವಳು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳು. ಅನುಮಾನವಿದೆ, ಬಯಾಪ್ಸಿ ಮಾಡಿಸಿ ಎಂದು ಬರೆದು ಕೊಟ್ಟರು.

ಬಯಾಪ್ಸಿ ಎಂಬ ಮಾತು ಮನೆಗೆ ಕಾಲಿಟ್ಟಿತು, ಜೊತೆಗೇ ಬಾಪೂಜಿ ನಗರದ ಕಥೆಯೂ ಬಂತು. ಅಲ್ಲಿ ಭಾವನವರ ಕಡೆಯ ಹೆಂಗಸೊಬ್ಬರಿಗೆ ಹೀಗೇ ಗಂಟಾಗಿತ್ತಂತೆ. ಚೆನ್ನಾಗಿಯೇ ಓಡಾಡಿಕೊಂಡಿದ್ದರಂತೆ. ಸೂಜಿ ಚುಚ್ಚಿ ತುಣುಕು ತೆಗೆದದ್ದೇ ತಡ, ಮೈಯೆಲ್ಲ ಹರಡಿ ಹೋಯಿತಂತೆ. "ಸುಮ್ನ ಇದ್ದದ್ದನ್ನ ಕೆದಕಬಾರ್ದು," ಎಂದರು ಅತ್ತೆ. ಭಾವ ಫೋನಿನಲ್ಲಿ ಯಾರು ಯಾರನ್ನೋ ಕೇಳಿದರು. ಎಲ್ಲರೂ ಒಂದೊಂದು ಬಾಪೂಜಿ ನಗರ ಇಟ್ಟುಕೊಂಡಿದ್ದರು.

ಕೊನೆಗೆ ಹೋದದ್ದು ಅಕ್ಕನ ಹೆರಿಗೆಯಾದ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ. ಅಲ್ಲಿನ ಹಿರಿಯ ಡಾಕ್ಟರು ಮನೆಯವರ ಮಾತಿಗೆ ಒಪ್ಪಿದರು. ಸೂಜಿ ಬೇಡವೆಂದರೆ ಬಿಡಿ, ಗಂಟನ್ನೇ ತೆಗೆದು ಟೆಸ್ಟಿಗೆ ಕಳಿಸೋಣ ಎಂದರು. ಅಕ್ಕನಿಗೆ ಹೇಳಿದ್ದು ಇಷ್ಟು: ಸಣ್ಣ ಆಪರೇಷನ್, ಗಂಟು ಮಾತ್ರ ತೆಗೆಯುತ್ತಾರೆ, ಮಾರನೆಯ ದಿನ ಮನೆ. ಅವಳು ಒಪ್ಪಿದ್ದೂ ಇಷ್ಟಕ್ಕೇ.

ಆ ಬೆಳಿಗ್ಗೆ ಅವಳನ್ನು ಹಸಿರು ಗೌನ್ ಹಾಕಿಸಿ ಟ್ರಾಲಿಯ ಮೇಲೆ ಕೂರಿಸಿದ್ದರು. ಕೈಗೆ ಡ್ರಿಪ್ಪಿನ ಸೂಜಿ ಸಿಕ್ಕಿಸಿಯಾಗಿತ್ತು. ನಾನು ಅವಳ ಬಳೆ, ಓಲೆ, ತಾಳಿ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಿದ್ದೆ. ಭಾವ ಬಾಗಿಲ ಹತ್ತಿರ ಫೋನಿನಲ್ಲಿದ್ದರು. ನರ್ಸ್ ಬಂದು ಕರಡಿಗೆ ತೋರಿಸಿ, "ಆಂಟಿ, ಇದನ್ನೂ ತೆಗೀರಿ, ಬೆಳ್ಳಿ ಇರಬಾರ್ದು," ಎಂದಳು.

"ಬೆಳ್ಳಿ ತೆಗೀತೀನಮ್ಮಾ. ಲಿಂಗ ಮಾತ್ರ ಮೈಮೇಲೆ ಇರ್ಬೇಕು. ಬಟ್ಟೆಲಿ ಸುತ್ತಿ ಕೈಗೆ ಕಟ್ಕೋತೀನಿ."

ನಮ್ಮವರು ಆಪರೇಷನ್ ಸಮಯದಲ್ಲಿ ಹಾಗೆಯೇ ಮಾಡುವುದು. ನರ್ಸಿಗೂ ಅದು ಹೊಸದಲ್ಲ, ತಲೆಯಾಡಿಸಿದಳು. ಅಕ್ಕ ಮನೆಯಿಂದ ತಂದಿದ್ದ ಬಿಳಿ ಬಟ್ಟೆಯಲ್ಲಿ ಲಿಂಗವನ್ನು ಸುತ್ತಿ ಎಡದೋಳನ್ನು ನನ್ನ ಕಡೆಗೆ ಚಾಚಿದಳು, ಕಟ್ಟು ಎಂದು.

"ಅಯ್ಯೋ, ಎಡಗೈಗೆ ಬೇಡ ಆಂಟಿ," ಎಂದಳು ನರ್ಸ್. "ಎಡಗಡೆ ಪೂರ್ತಿ ತೆಗೀತಾರಲ್ವಾ, ಕಂಕುಳವರೆಗೂ. ಆ ಕೈ ಫ್ರೀ ಇರ್ಬೇಕು. ಬಲಗೈಗೆ ಕಟ್ಕೊಳ್ಳಿ."

ನನ್ನ ಕೈಯಲ್ಲಿ ಬಟ್ಟೆಯ ತುದಿ ಹಾಗೆಯೇ ಉಳಿಯಿತು.

"ಏನು ಪೂರ್ತಿ?" ಎಂದಳು ಅಕ್ಕ.

ನರ್ಸ್ ನನ್ನನ್ನು ನೋಡಿದಳು, ಆಮೇಲೆ ಭಾವನನ್ನು. ಭಾವ ಫೋನ್ ಕಿವಿಯಿಂದ ಇಳಿಸಿದರು.

"ರೀ, ಏನು ಪೂರ್ತಿ?"

"ನೋಡು, ಡಾಕ್ಟ್ರು ಏನಂದ್ರಂದ್ರೆ, ತೆಗೆದು ನೋಡಿ ಕೆಟ್ಟದ್ದು ಅನ್ನಿಸಿದ್ರೆ ಒಂದೇ ಸಲಕ್ಕೆ ಎಲ್ಲಾ ತೆಗೆದುಬಿಡೋಣ ಅಂತ. ಎರಡೆರಡು ಸಲ ಯಾಕೆ ನಿನ್ನ ಮಲಗಿಸೋದು? ಹೇಳಿದ್ರೆ ಹೆದರ್ಕೋತೀಯ ಅಂತ..."

"ಅನ್ನಿಸೋದು ಯಾರಿಗೆ?"

ಭಾವ ಫೋನನ್ನು ಜೇಬಿಗೆ ಹಾಕಿಕೊಂಡರು.

"ಟೆಸ್ಟೇ ಮಾಡಿಲ್ಲ. ಬರೀ ಅನ್ನಿಸಿದ್ರೆ ತೆಗೆದುಬಿಡ್ತಾರಾ? ನಾನು ಎದ್ದಾಗ ನನ್ ಹತ್ರ ಏನಿರುತ್ತೆ ಏನಿರಲ್ಲ ಅಂತ ನಿಮಗೆ ಗೊತ್ತು, ಇವಳಿಗೆ ಗೊತ್ತು," ನರ್ಸಿನ ಕಡೆ ಕೈ ಮಾಡಿದಳು, "ನನಗೊಬ್ಬಳಿಗೇ ಗೊತ್ತಿಲ್ಲ."

ಹೀಗೆ ಹೇಳುತ್ತಲೇ ಅವಳು ಕಾಲು ಇಳಿಬಿಟ್ಟಳು. ಟ್ರಾಲಿ ಸ್ವಲ್ಪ ಹಿಂದಕ್ಕೆ ಜರುಗಿತು. ಅವಳು ಬೀಳುತ್ತಾಳೆಂದು ನಾನು ಕೈ ಚಾಚಿದೆ. ಅವಳು ಬೀಳಲಿಲ್ಲ. ಲಿಂಗವನ್ನು ಬಲಗೈ ಮುಷ್ಟಿಯಲ್ಲಿ ಹಿಡಿದು ನೆಲದ ಮೇಲೆ ನಿಂತಿದ್ದಳು. ನನ್ನ ತಲೆಯಲ್ಲಿ ಮತ್ತೆ ಮತ್ತೆ ಬರುವುದು ಇದೇ ಗಳಿಗೆ. ಒಳಗೆ ಕೊಡಬೇಕಿದ್ದ ಮತ್ತಿನ ಔಷಧಿ ಆಗಲೇ ಸಿರಿಂಜಿನಲ್ಲಿ ತುಂಬಿತ್ತು. ನರ್ಸ್ ಕೈಯ ವಿಷಯ ಹೇಳದೇ ಇದ್ದಿದ್ದರೆ, ಅಥವಾ ಅಕ್ಕ ಮೊದಲೇ ಬಲಗೈ ಚಾಚಿದ್ದಿದ್ದರೆ, ಮುಂದಿನ ಬಾಗಿಲು ತೆರೆದುಕೊಂಡುಬಿಡುತ್ತಿತ್ತು.

"ಸೀರೆ ಉಟ್ಕೋ ಅಕ್ಕ, ಹೋಗೋಣ," ಎಂದೆ.

"ಸೀರೆ ಉಡೋಷ್ಟರಲ್ಲಿ ನಿಮ್ಮ ಭಾವ ಡಾಕ್ಟ್ರನ್ನ ಕರ್ಕೊಂಡು ಬಂದು ಬುದ್ಧಿ ಹೇಳಿಸ್ತಾರೆ. ನಿನ್ನ ದುಪಟ್ಟಾ ಕೊಡು."

ಹಸಿರು ಗೌನು, ಅದರ ಮೇಲೆ ನನ್ನ ಹಳದಿ ದುಪಟ್ಟಾ, ಕೈಯಲ್ಲಿ ಪ್ಲಾಸ್ಟರ್ ಅಂಟಿಸಿದ ಡ್ರಿಪ್ಪಿನ ಸೂಜಿ. ಹೀಗೆ ನನ್ನ ಅಕ್ಕ ನರ್ಸಿಂಗ್ ಹೋಮಿನ ಮೆಟ್ಟಿಲಿಳಿದು, ಹೂವಿನವರು ತರಕಾರಿಯವರು ನೋಡನೋಡುತ್ತಿದ್ದಂತೆ ಆಟೊ ನಿಲ್ಲಿಸಿದಳು. ಡ್ರೈವರ್ ಮೇಲಿಂದ ಕೆಳಗೆ ನೋಡಿದ.

"ಡಿಸ್ಚಾರ್ಜಾ ಅಕ್ಕಾ?"

"ಹೂಂ ಕಣಪ್ಪಾ. ನಾನೇ ಮಾಡ್ಕೊಂಡೆ."

ಸ್ವಲ್ಪ ದೂರ ಹೋಗುತ್ತಲೇ, "ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಕಣೇ," ಎಂದಳು. ದರ್ಶಿನಿಯ ಮುಂದೆ ಆಟೊ ನಿಲ್ಲಿಸಿ ನಾನು ತಟ್ಟೆ ಇಡ್ಲಿ ತಂದೆ. ಅವಳು ಆಟೊದಲ್ಲೇ ಕೂತು, ಮುಷ್ಟಿ ಬಿಚ್ಚದೆ, ಎಡಗೈಯಲ್ಲಿ ಇಡ್ಲಿ ಮುರಿದು ತಿಂದಳು. ಅಳುತ್ತಿದ್ದವಳು ನಾನು. "ಚಟ್ನಿಗೆ ಉಪ್ಪು ಕಮ್ಮಿ ಆಗಿದೆ ಅಂತ ಅಳ್ತಿದೀಯಾ?" ಎಂದು ಕೇಳಿದಳು. ಡ್ರೈವರ್ ನಕ್ಕ. ಅವನಿಗೆ ಏನು ಅರ್ಥವಾಯಿತೋ, ದಾರಿಯಲ್ಲಿ ಅವನೇ ಒಂದು ಕ್ಲಿನಿಕ್ ನೋಡಿ ನಿಲ್ಲಿಸಿದ, ಅಲ್ಲಿ ಆ ಡ್ರಿಪ್ಪಿನ ಸೂಜಿ ತೆಗೆಸಿದೆವು.

ಮನೆಯಲ್ಲಿ ಆದ ರಾದ್ಧಾಂತವನ್ನು ಉದ್ದಕ್ಕೆ ಬರೆಯುವುದಿಲ್ಲ. ಭಾವ ಕೂಗಿದರು, ಆಮೇಲೆ ತಲೆ ಹಿಡಿದುಕೊಂಡು ಕೂತರು. ಅವರು ಕೆಟ್ಟವರಲ್ಲ. ಹೆಂಡತಿ ಸಾಯುತ್ತಾಳೆಂಬ ಹೆದರಿಕೆಯಲ್ಲಿ, ಅವಳ ಪರವಾಗಿ ತಾವೇ ಹೆದರಿ, ತಾವೇ ತೀರ್ಮಾನಿಸಿ, ತಾವೇ ಸಹಿ ಹಾಕಿದ್ದರು. ಅದನ್ನು ಪ್ರೀತಿ ಎಂದೇ ಅವರು ತಿಳಿದಿದ್ದರು.

ಅಕ್ಕ ಕಟಿಂಗ್ ಟೇಬಲ್ಲಿನ ಮೇಲಿದ್ದ ಕತ್ತರಿ ತೋರಿಸಿದಳು. "ನಾನು ಒಂದು ಬ್ಲೌಸ್ ಪೀಸಿಗೆ ಕತ್ತರಿ ಹಾಕೋ ಮುಂಚೆ ಎಷ್ಟು ಸಲ ಅಳತೆ ನೋಡ್ತೀನಿ ಅಂತ ನೀವೇ ರೇಗಿಸ್ತೀರಲ್ಲ. ನನ್ನ ಮೈಗೆ ಅಷ್ಟೂ ಬೇಡ್ವಾ? ಸೂಜಿ ಹಾಕ್ಲಿ, ಏನಿದೆ ಅಂತ ನೋಡ್ಲಿ. ಆಮೇಲೆ ತೆಗೆಯೋದೋ ಬಿಡೋದೋ ನಾನು ಹೇಳ್ತೀನಿ."

"ಬಾಪೂಜಿ ನಗರದಾಕಿ..." ಎಂದರು ಅತ್ತೆ.

"ಅವರನ್ನ ಸೂಜಿ ಸಾಯಿಸಿದ್ದಾ, ಅಲ್ಲಿವರೆಗೂ ಯಾರಿಗೂ ತೋರಿಸದೇ ಇದ್ದದ್ದಾ ಅಂತ ಯಾರಾದ್ರೂ ಕೇಳಿದ್ರಾ ಅತ್ತೆ?"

ಕ್ಯಾನ್ಸರ್ ಆಸ್ಪತ್ರೆಯ ಸರ್ಜನ್ ಅಕ್ಕನಿಗಿಂತ ಚಿಕ್ಕ ವಯಸ್ಸಿನ ಹೆಂಗಸು. ಸೂಜಿಯಿಂದ ಹರಡುತ್ತದೆ ಎಂಬ ಮಾತನ್ನು ಅವರು ದಿನಾ ಕೇಳುತ್ತಾರಂತೆ. ನಗಲಿಲ್ಲ, ಬೈಯಲಿಲ್ಲ. "ಕೆಲವರು ಬರೋ ಹೊತ್ತಿಗೇ ಹರಡಿರುತ್ತೆ. ಸೂಜಿ ಹಾಕಿದಾಗ ಗೊತ್ತಾಗುತ್ತೆ. ಕೆಟ್ಟ ಹೆಸರು ಸೂಜಿಗೆ ಬರುತ್ತೆ," ಎಂದರು. ಇದು ಕ್ಯಾನ್ಸರೋ ಅಲ್ಲವೋ, ಹೌದಾದರೆ ಯಾವ ಬಗೆಯದು, ಮೊದಲು ಔಷಧಿ ಕೊಡಬೇಕೋ ಆಪರೇಷನ್ನೋ ಎಂಬುದೆಲ್ಲ ಆ ಸಣ್ಣ ತುಣುಕು ಹೇಳುತ್ತದೆ, ಅದು ಗೊತ್ತಿಲ್ಲದೆ ಕುಯ್ದರೆ ಎಷ್ಟು ಕುಯ್ಯಬೇಕೆಂಬುದು ಕುಯ್ಯುವವರಿಗೂ ಗೊತ್ತಿರುವುದಿಲ್ಲ ಎಂದು ವಿವರಿಸಿದರು. ಅಕ್ಕ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು, ನಾನು ಹೇಳಲಿಲ್ವಾ ಎನ್ನುವಂತೆ.

ಬಯಾಪ್ಸಿಯ ದಿನ ಲಿಂಗವನ್ನು ನೇರವಾಗಿ ಬಲದೋಳಿಗೇ ಕಟ್ಟಿದೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸ್ಕ್ಯಾನ್ ನೋಡುತ್ತಾ ಸೂಜಿ ಹಾಕಿದರು. ಪರದೆಯ ಈಚೆ ನಿಂತಿದ್ದ ನನಗೆ ಟಕ್ ಎಂಬ ಸದ್ದು ಕೇಳಿಸುತ್ತಿತ್ತು. ಪ್ರತಿ ಸಲವೂ ನಾನು ಬೆಚ್ಚಿದೆ. ಹೊರಗೆ ಬಂದ ಅಕ್ಕ, "ಪ್ರೆಸ್ ಬಟನ್ ಹೊಡೆಯೋ ಮಿಷನ್ ಥರಾನೇ ಕಣೇ. ಇದಕ್ಕಾ ಇಷ್ಟು ದಿನ ಹೆದರಿದ್ದು?" ಎಂದಳು. ಆದರೆ ಅವಳ ಅಂಗೈ ತಣ್ಣಗಿತ್ತು.

ಕ್ಯಾನ್ಸರ್ ಹೌದು ಎಂದು ಬಂತು. ಹಾರ್ಮೋನಿಗೆ ಸ್ಪಂದಿಸುವ ಬಗೆ, ಸ್ಕ್ಯಾನಿನಲ್ಲಿ ಬೇರೆಲ್ಲೂ ಏನೂ ಕಾಣುತ್ತಿಲ್ಲ. ಡಾಕ್ಟರ್ ಎರಡು ದಾರಿ ಇಟ್ಟರು. ಪೂರ್ತಿ ಮೊಲೆ ತೆಗೆಯುವುದು ಒಂದು. ಗಂಟನ್ನೂ ಸುತ್ತಲಿನ ಸ್ವಲ್ಪ ಆರೋಗ್ಯದ ಭಾಗವನ್ನೂ ಮಾತ್ರ ತೆಗೆದು, ಆಮೇಲೆ ಕೆಲವು ವಾರ ರೇಡಿಯೇಷನ್ ಕೊಡುವುದು ಇನ್ನೊಂದು. ಎರಡರಲ್ಲೂ ಕಾಯಿಲೆ ಹರಡಿದೆಯೇ ಎಂದು ಕಂಕುಳಿನ ಒಂದೆರಡು ಗ್ರಂಥಿಗಳನ್ನು ತೆಗೆದು ಪರೀಕ್ಷೆ ಮಾಡುತ್ತಾರೆ. "ನಿಮ್ಮಂಥ ಕೇಸಿನಲ್ಲಿ ಬದುಕೋ ವಿಷಯಕ್ಕೆ ಬಂದ್ರೆ ಎರಡೂ ಒಂದೇ. ಹಾಗಾಗಿ ಆಯ್ಕೆ ನಿಮ್ಮದು. ಇವತ್ತೇ ಹೇಳಬೇಕಾಗಿಲ್ಲ, ಹಾಗಂತ ತಿಂಗಳುಗಟ್ಟಲೆ ಕೂರೋದೂ ಬೇಡ," ಎಂದರು.

ಎರಡೂ ಒಂದೇ ಎಂಬ ಮಾತು ಮನೆಯಲ್ಲಿ ಯಾರ ಕಿವಿಗೂ ಇಳಿಯಲಿಲ್ಲ. ಎಲ್ಲ ತೆಗೆಸಿದರೆ ನಿಶ್ಚಿಂತೆ ಎಂದರು ಭಾವ. ಅತ್ತೆ ಇನ್ನೊಂದು ಹೆಜ್ಜೆ ಮುಂದೆ ಹೋದರು: "ಹಾಲು ಕುಡಿಸಿದ್ದು ಆತು, ಮಕ್ಕಳು ದೊಡ್ಡವಾದ್ವು. ಇನ್ನ ಅದರ ಕೆಲಸ ಏನೈತಿ? ತಗಿಸಿಬಿಡವ್ವಾ."

"ನಿಮ್ಮ ಮಂಡಿನೂ ಕೆಲಸ ಮಾಡಿ ಆಯ್ತಲ್ಲ ಅತ್ತೆ. ಮೆಟ್ಟಿಲಂತೂ ಹತ್ತಲ್ಲ. ತೆಗೆಸಿಬಿಡೋಣ್ವಾ?"

ಅತ್ತೆ ತಮ್ಮ ಮಂಡಿ ನೋಡಿಕೊಂಡರು. "ಏ, ನಿನ್ನ ಬಾಯಿಗಿ ರೋಗ ಬರಲಿಲ್ಲ ನೋಡು," ಎಂದು ನಕ್ಕರು. ಆ ವಾರದಲ್ಲಿ ಮನೆಯವರು ನಕ್ಕದ್ದು ಅದೇ ಮೊದಲು.

ನಾನು ಓದಿದ್ದನ್ನೆಲ್ಲ ಹರವಿಕೊಂಡು, ಪೂರ್ತಿ ಬೇಡ ಅಕ್ಕ, ಉಳಿಸ್ಕೋ ಎಂದು ಶುರು ಮಾಡಿದೆ. ಅವಳು ನನ್ನನ್ನೂ ಬಿಡಲಿಲ್ಲ. "ನೀನೂ ಸುಮ್ನಿರು. ಅವ್ರು ತೆಗೆಸು ಅಂತ ಆ ಕಡೆ ಎಳೀತಾರೆ, ನೀನು ಉಳಿಸು ಅಂತ ಈ ಕಡೆ ಎಳೀತೀಯ. ಇದೇನು ಸೀರೆ ಸೆರಗಾ?"

ಆ ದಿನಗಳಲ್ಲಿ ಅವಳು ಹೊಲಿಗೆ ನಿಲ್ಲಿಸಲಿಲ್ಲ. ಅವಳ ಹಳೆಯ ಗಿರಾಕಿಯೊಬ್ಬರು ಹಿಂದೆಯೇ ಒಂದು ಮೊಲೆ ಪೂರ್ತಿ ತೆಗೆಸಿದವರು. ಅವರ ಬ್ಲೌಸಿನ ಒಳಗೆ ಹತ್ತಿ ತುಂಬಲು ಚೀಲ ಇಟ್ಟು ಹೊಲಿದುಕೊಡುತ್ತಿದ್ದವಳು ಇವಳೇ. ಅವರನ್ನು ಕರೆದು ಬಾಗಿಲು ಹಾಕಿಕೊಂಡು ಮಾತಾಡಿದಳು. ಅವರು ಹೇಳಿದ್ದನ್ನು ನನಗೆ ಆಮೇಲೆ ಹೇಳಿದಳು: "ನಂಗೆ ಪೂರ್ತಿ ತೆಗೆಸಿದ್ರೇನೇ ನಿದ್ದೆ ಬರ್ತಿತ್ತು, ತೆಗೆಸಿದೆ, ಒಂದು ದಿನಾನೂ ಬೇಜಾರು ಮಾಡ್ಕೊಂಡಿಲ್ಲ ಅಂದ್ರು. ನಿಂಗೆ ಯಾವುದರಲ್ಲಿ ನಿದ್ದೆ ಬರುತ್ತೆ ನೋಡ್ಕೋ ಅಂದ್ರು. ನೋಡ್ಕೊಂಡೆ ಕಣೇ."

ಮತ್ತೆ ಡಾಕ್ಟರ ಮುಂದೆ ಕೂತಾಗ ಅಕ್ಕ ನಮ್ಮ ಯಾರ ಮುಖವನ್ನೂ ನೋಡಲಿಲ್ಲ. "ಗಂಟು ಮಾತ್ರ ತೆಗೀರಿ. ರೇಡಿಯೇಷನ್ನಿಗೆ ಬರ್ತೀನಿ. ಆದ್ರೆ ಒಂದು ಕೇಳ್ಬೇಕು. ತೆಗೆದದ್ದರ ಅಂಚಿನಲ್ಲಿ ಇನ್ನೂ ಕಾಯಿಲೆ ಉಳಿದಿದ್ರೆ?"

"ಇನ್ನೊಂದು ಸಲ ಆಪರೇಷನ್ ಬೇಕಾಗಬಹುದು. ಕೆಲವೊಮ್ಮೆ ಪೂರ್ತಿ ತೆಗೀಬೇಕಾಗಿ ಬರುತ್ತೆ."

"ಬಂದ್ರೆ ನನ್ನನ್ನ ಕೇಳಿ. ನಾನು ಎಚ್ಚರ ಆದ್ಮೇಲೆ ಕೇಳಿ. ನಾನು ಮಲಗಿರೋವಾಗ ಇವ್ರನ್ನ ಕೇಳ್ಬೇಡಿ." ಭಾವನ ಕಡೆ ಬೆರಳು ಮಾಡಿದಳು. "ಅವಾಗ ಪೂರ್ತಿ ತೆಗೀಬೇಕು ಅಂತಾದ್ರೆ ನಾನೇ ತೆಗೀರಿ ಅಂತೀನಿ. ಅದನ್ನ ಹೇಳೋಳು ನಾನಾಗಿರ್ಬೇಕು, ಅಷ್ಟೇ."

"ಖಂಡಿತ," ಎಂದರು ಡಾಕ್ಟರ್. ಭಾವ ನೆಲ ನೋಡುತ್ತಾ ತಲೆಯಾಡಿಸಿದರು.

ಆಪರೇಷನ್ನಿನ ದಿನ ಲಿಂಗ ಕಟ್ಟಿದ್ದು ಅತ್ತೆ. ಯಾರೂ ಹೇಳದೆ ಬಲಗೈ ಹಿಡಿದರು. ಗಂಟು ಎರಡು ಸಲ ಬಿಚ್ಚಿಕೊಂಡಿತು. ಟ್ರಾಲಿ ಬಾಗಿಲು ದಾಟಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಎಲ್ಲ ಗೊತ್ತಿದ್ದೂ, ಅವಳು ಒಪ್ಪಿಯೇ ಹೋಗಿದ್ದರೂ, ನನ್ನೊಳಗೆ ಆ ನರ್ಸಿಂಗ್ ಹೋಮಿನ ಟ್ರಾಲಿಯೇ ಉರುಳುತ್ತಿತ್ತು.

ಹೊರಗೆ ಕಾಯುತ್ತಾ ಕೂತಿದ್ದೆವು. ಬಹಳ ಹೊತ್ತಿನ ಮೇಲೆ ನರ್ಸ್ ಬಾಗಿಲು ತೆರೆದು ಅಕ್ಕನ ಕಡೆಯವರು ಯಾರು ಎಂದು ಕೂಗಿದಳು. ಭಾವ ಎದ್ದು ನಿಂತವರು ಅವಳು ಮುಂದೆ ಮಾತಾಡುವ ಮೊದಲೇ ಎರಡೂ ಕೈ ಅಡ್ಡ ಹಿಡಿದರು.

"ನನ್ನೇನೂ ಕೇಳ್ಬೇಡಿ ಮೇಡಂ. ಏನಿದ್ರೂ ಅವಳನ್ನೇ ಕೇಳಿ. ಎಚ್ಚರ ಆಗ್ಲಿ, ಅವಳನ್ನೇ ಕೇಳಿ."

ನರ್ಸ್ ವಿಚಿತ್ರವಾಗಿ ನೋಡಿದಳು. "ಸಾರ್, ಅವ್ರೇ ಕೇಳ್ತಿರೋದು. ಅವ್ರ ಕನ್ನಡಕ ನಿಮ್ಮ ಹತ್ರ ಇದೆಯಂತೆ, ಬೇಕಂತೆ."

ಕನ್ನಡಕ ನನ್ನ ಬ್ಯಾಗಿನಲ್ಲಿತ್ತು. ಕೊಟ್ಟೆ. ಭಾವ ಕುರ್ಚಿಯ ಮೇಲೆ ಕುಸಿದು, ಮುಖ ಮುಚ್ಚಿಕೊಂಡು, ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದ ಹಾಗೆ ಅಲುಗುತ್ತಿದ್ದರು. ನಮ್ಮನ್ನು ಒಳಗೆ ಬಿಟ್ಟಾಗ ಅಕ್ಕ ಕನ್ನಡಕ ಹಾಕಿಕೊಂಡು, ಹೊದಿಕೆ ಎತ್ತಿ, ಗಂಭೀರವಾಗಿ ಬ್ಯಾಂಡೇಜನ್ನು ಪರಿಶೀಲಿಸುತ್ತಿದ್ದಳು. "ಹೇಳಿದಷ್ಟೇ ತೆಗೆದಿದಾರೆ," ಎಂದು ನನಗೆ ವರದಿ ಕೊಟ್ಟು ಮತ್ತೆ ನಿದ್ದೆ ಹೋದಳು.

ಅಂಚುಗಳಲ್ಲಿ ಏನೂ ಉಳಿದಿರಲಿಲ್ಲ, ಕಂಕುಳಿನ ಗ್ರಂಥಿಗಳಲ್ಲೂ ಇರಲಿಲ್ಲ. ರೇಡಿಯೇಷನ್ನಿನ ವಾರಗಳಲ್ಲಿ ಚರ್ಮ ಕಪ್ಪಾಯಿತು, ಅವಳು ಮಿಷನ್ನಿನ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಳು. ಮಾತ್ರೆ ವರ್ಷಗಟ್ಟಲೆ ನುಂಗಬೇಕು, ತಪಾಸಣೆಗೆ ಹೋಗುತ್ತಲೇ ಇರಬೇಕು. ಪ್ರತಿ ತಪಾಸಣೆಯ ಹಿಂದಿನ ದಿನಗಳಲ್ಲಿ ನಮ್ಮಿಬ್ಬರ ಮಾತೂ ಕಡಿಮೆಯಾಗುತ್ತದೆ. ಹೆದರಿಕೆ ಮನೆ ಬಿಟ್ಟು ಹೋಗಿಲ್ಲ. ಆದರೆ ಈಗ ಅದು ಅವಳ ಕಣ್ಣೆದುರಿಗೇ ಕೂತಿದೆ. ಅವಳ ಬೆನ್ನ ಹಿಂದೆ ಯಾರೂ ಅದನ್ನು ಪಿಸುಗುಟ್ಟುವುದಿಲ್ಲ.

ಚರ್ಮ ಪೂರ್ತಿ ಮಾಗುವವರೆಗೂ ಲಿಂಗ ಬಲದೋಳಿನಲ್ಲೇ ಇತ್ತು. ಮತ್ತೆ ಕೊರಳಿಗೆ ಹಾಕಿಕೊಳ್ಳುವ ದಿನ ಅತ್ತೆ ಶಿವದಾರ ಹಿಡಿದು, ಮೇಲೇ ಇರಲಿ, ಗಾಯಕ್ಕೆ ತಾಕುವುದು ಬೇಡ ಎಂದು ತಮ್ಮ ಹಳೆಯ ಗಂಟನ್ನೇ ಬಿಗಿ ಮಾಡಹೋದರು.

"ಆ ಗಂಟು ಬಿಚ್ಚಿ ಅತ್ತೆ. ಡಾಕ್ಟ್ರನ್ನ ಕೇಳಿದೀನಿ, ಏನೂ ಆಗಲ್ಲವಂತೆ. ಮೊದಲು ಎಲ್ಲಿತ್ತೋ ಅಲ್ಲೇ ಇರ್ಲಿ."

ಅತ್ತೆ ಉಗುರಿನಿಂದ ಕಷ್ಟಪಟ್ಟು ಅದನ್ನು ಬಿಚ್ಚಿದರು. ದಾರ ಇಳಿಯಿತು.

ಮೊನ್ನೆ ನಾನು ಅಲ್ಲಿದ್ದಾಗ ಬಹಳ ದಿನದಿಂದ ಬಾರದಿದ್ದ ಗಿರಾಕಿಯೊಬ್ಬರು ಬಂದರು. ಕೈಯಲ್ಲಿ ಬ್ಲೌಸ್ ಪೀಸ್, ಮುಖದ ತುಂಬ ಅಯ್ಯೋ ಎಂಬ ಭಾವ. ನನ್ನನ್ನೂ ಅಕ್ಕನನ್ನೂ ನೋಡಿ ಧ್ವನಿ ತಗ್ಗಿಸಿದರು. "ಕೇಳಿದೆ ಕಣ್ರೀ, ತುಂಬಾ ಬೇಜಾರಾಯ್ತು. ಪಾಪ, ಎಲ್ಲಾ ತೆಗೆದುಬಿಟ್ರಂತೆ?"

ಅಕ್ಕ ಕೊರಳಿಂದ ಟೇಪು ಎಳೆದುಕೊಂಡಳು. ಕರಡಿಗೆ ಎಡಕ್ಕೆ ಜಾರಿ ತನ್ನ ಜಾಗದಲ್ಲಿ ಕೂತಿತು.

"ಇಲ್ಲಾರೀ. ನಾನು ಕೊಟ್ಟಷ್ಟು ತಗೊಂಡ್ರು," ಎಂದಳು. "ಸರಿಯಾಗಿ ನಿಂತ್ಕೊಳ್ಳಿ, ಕೈ ಸ್ವಲ್ಪ ಎತ್ತಿ. ಅಳತೆ ತಗೋಬೇಕು."